ಆಷಾಢದಲ್ಲಿ ಸಿಗಾರ್ ಹಚ್ಚುವವನಿಗೆ

ಈ ಸಲ ಆಷಾಢದಲ್ಲೇ ಊರಿಗೆ ಬರುತ್ತೇನೆ, ಜಗಲಿಯಲ್ಲಿ ಕೂತು ಮಳೆ ನೋಡುತ್ತಾ ಸಿಗಾರ್ ಸೇದಬೇಕು ಅಂದೆಯಲ್ಲ ಮಾರಾಯ, ಅದಕ್ಕೇ ಈ ನಾಲ್ಕು ಮಾತು. ಸೇದಲೇಬೇಡ ಅನ್ನುವ ಕೆಲಸ ನನ್ನದಲ್ಲ. ಅದನ್ನು ನಿನ್ನ ಅತ್ತೆ ನನಗಿಂತ ಚೆನ್ನಾಗಿ ಮಾಡುತ್ತಾಳೆ. ನಾನು ಹೇಳುವುದು ಹವೆಯ ವಿಚಾರ.

ಮೊದಲು ಆ ಪೆಟ್ಟಿಗೆ. ಸೀಡರ್ ಮರದ ಪೆಟ್ಟಿಗೆಯೊಳಗೆ ಒದ್ದೆ ಸ್ಪಂಜು ಇಟ್ಟುಕೊಂಡು ತಿರುಗುತ್ತೀಯಲ್ಲ, ಬೆಂಗಳೂರಿನ ಮಾರ್ಚ್ ತಿಂಗಳ ಒಣಗಾಳಿಗೆ ಅದು ಸರಿ. ಇಲ್ಲಿಗೆ ಬರುವಾಗ ಬಾಳೆಹೊನ್ನೂರು ಮುಟ್ಟುವ ಮೊದಲೇ ಆ ಸ್ಪಂಜನ್ನು ತೆಗೆದುಬಿಡು. ಸಿಗಾರ್ ಕಾಪಾಡುವ ಉಪದೇಶ ಹೆಚ್ಚಾಗಿ ಬಂದದ್ದು ಚಳಿಗಾಲದಲ್ಲಿ ಮನೆಯೊಳಗೆ ಹೀಟರ್ ಉರಿಸುವ ದೇಶಗಳಿಂದ. ಅಲ್ಲಿಯವರಿಗೆ ಎಲೆ ಒಣಗಿ ಪುಡಿಯಾಗುವ ಚಿಂತೆ. ನಮ್ಮ ಕಷ್ಟ ಅದರ ತದ್ವಿರುದ್ಧ. ಅವರು ನೀರು ಸೇರಿಸುವುದನ್ನು ಕಲಿಸುತ್ತಾರೆ, ಇಲ್ಲಿ ನೀರು ಕಳೆಯುವುದನ್ನು ಕಲಿಯಬೇಕು. ಅಡಿಕೆ, ಏಲಕ್ಕಿ, ಕಾಳುಮೆಣಸು ಒಣಗಿಸಿ ಮಳೆಗಾಲ ದಾಟಿಸುವ ಮನೆಯಲ್ಲಿ ಹುಟ್ಟಿದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಗೆಸೊಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವ ಜಾತಿ. ಸುತ್ತಲಿನ ಹವೆಗೆ ಸಮನಾಗುವವರೆಗೂ ಎಳೆಯುತ್ತಲೇ ಇರುತ್ತದೆ. ಹಾಗಂತ ತೇವವೇ ಶತ್ರುವಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್ನಿನಲ್ಲಿ ಬೇಯಿಸಿದ ಸೊಪ್ಪನ್ನು ಹಾಗೇ ಮುಟ್ಟಿದರೆ ಪುಡಿಪುಡಿ. ಬಾಗಿಲು ತೆರೆದಿಟ್ಟು ಅದು ಗಾಳಿಯ ತೇವ ಕುಡಿದು ಮೆದುವಾದ ಮೇಲೆಯೇ ಇಳಿಸುತ್ತಾರೆ. ಎಷ್ಟು ತೇವ ಅನ್ನುವುದೇ ಪ್ರಶ್ನೆ. ಸಿಗಾರಿಗೆ ಶೇ. 65ರಿಂದ 70ರಷ್ಟು ಆರ್ದ್ರತೆ ಸಾಕು ಅನ್ನುತ್ತಾರೆ ಬಲ್ಲವರು. ಪುನರ್ವಸು, ಪುಷ್ಯ ಮಳೆ ಹಿಡಿದಾಗ ನಮ್ಮ ಜಗಲಿಯ ಗಾಳಿ ಶೇ. 90 ದಾಟಿ ದಿನಗಟ್ಟಲೆ ಅಲ್ಲೇ ನಿಂತಿರುತ್ತದೆ.

ಆಗ ಆಗುವುದು ಇಷ್ಟು. ಒಳಗಿನ ಎಲೆಗಳು ಉಬ್ಬಿ, ಹೊಗೆ ಹಾಯುವ ಸಂದುಗಳೆಲ್ಲ ಮುಚ್ಚಿಕೊಳ್ಳುತ್ತವೆ. ಎಷ್ಟು ಎಳೆದರೂ ಬಾಯಿಗೆ ಬರುವುದು ಚೂರೇ ಚೂರು. ಒಳಗೆ ಉಬ್ಬಿದ್ದನ್ನು ತಡೆಯಲಾರದೆ ತೆಳುವಾದ ಹೊರಎಲೆ ಬಿರಿಯುತ್ತದೆ. ಬೆಂಕಿಯ ಕಾವು ಎಲೆ ಸುಡುವ ಮೊದಲು ಅದರ ನೀರನ್ನು ಆವಿ ಮಾಡುವುದರಲ್ಲೇ ಮುಗಿದುಹೋಗುವುದರಿಂದ ಒಂದು ಮಗ್ಗುಲು ಉರಿಯುತ್ತದೆ, ಇನ್ನೊಂದು ಹಾಗೇ ಉಳಿಯುತ್ತದೆ. ಆರಿತು ಅಂತ ನೀನು ಜೋರಾಗಿ ಎಳೆಯುತ್ತೀ; ಎಳೆದಷ್ಟೂ ತುದಿ ಕಾದು ಬಾಯೆಲ್ಲ ಕಹಿ. ಆಮೇಲೆ ಸಿಗಾರ್ ಕೊಟ್ಟ ಅಂಗಡಿಯವನನ್ನು ಬೈಯುತ್ತೀ.

ಗದ್ದೆ ತೋಟದ ಕೆಲಸದವರು ಇದನ್ನೆಲ್ಲ ಓದಿದವರಲ್ಲ. ಬೀಡಿ ಕಟ್ಟನ್ನೂ ಕಡ್ಡಿಪೆಟ್ಟಿಗೆಯನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹಾಳೆಟೊಪ್ಪಿಯ ಒಳಗೆ ನೆತ್ತಿಯ ಬಿಸಿ ತಾಗುವ ಹಾಗೆ ಇಟ್ಟುಕೊಳ್ಳುತ್ತಾರೆ. ಸಂಜೆ ಮೆತ್ತಗಾದದ್ದು ಬಚ್ಚಲ ಒಲೆಯ ದಂಡೆ ಸೇರುತ್ತದೆ. ಬೀಡಿಗೆ ಆ ಉಪಾಯ ನಡೆಯುತ್ತದೆ, ಸಿಗಾರಿಗೆ ನಡೆಯದು. ಬೀಡಿ ತೆಳ್ಳಗಿನದು, ಒಳಹೊರಗೆ ಒಟ್ಟಿಗೇ ಒಣಗುತ್ತದೆ. ಹೆಬ್ಬೆರಳ ದಪ್ಪದ ಸಿಗಾರನ್ನು ಒಲೆ ಹತ್ತಿರ ಇಟ್ಟರೆ ಹೊರಎಲೆ ಮೊದಲು ಒಣಗಿ ಕುಗ್ಗುತ್ತದೆ, ಹೊಟ್ಟೆ ಇನ್ನೂ ಉಬ್ಬಿಯೇ ಇರುತ್ತದೆ, ಉದ್ದಕ್ಕೂ ಸೀಳು ಬಿಡುತ್ತದೆ. ಮೇಲಾಗಿ ಒಲೆಯ ಹೊಗೆಯ ವಾಸನೆ ಬೇರೆ.

ಸಿಗಾರಿಗಾದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ತಾ. ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಆ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಅದರಲ್ಲಿರಲಿ. ಸೇದುವ ಎರಡು ದಿನ ಮುಂಚೆ ಒಂದು ಸಿಗಾರನ್ನು ಅದರೊಳಗೆ ಹಾಕು, ಒಂದನ್ನೇ. ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡು: ತಗ್ಗಿ ಮತ್ತೆ ಮೇಲೆದ್ದರೆ ಸರಿ, ತಗ್ಗಿದ್ದು ತಗ್ಗಿಯೇ ಉಳಿದರೆ ಇನ್ನೊಂದು ದಿನ ಕಾಯಬೇಕು. ಮಳೆಗಾಲಕ್ಕೆ ದಪ್ಪನೆಯದಕ್ಕಿಂತ ಸಣಕಲು ಸಿಗಾರೇ ವಾಸಿ. ಹಚ್ಚುವಾಗ ಅವಸರ ಬೇಡ. ತುದಿಯನ್ನು ಜ್ವಾಲೆಗೆ ತಾಗಿಸದೆ ದೂರದಿಂದಲೇ ಸುತ್ತಲೂ ಬೆಚ್ಚಗೆ ಮಾಡಿಕೊಂಡು ಆಮೇಲೆ ಬೆಂಕಿ ಕೊಡು. ನಿಮಿಷಕ್ಕೊಂದು ದಮ್ಮು ಸಾಕು.

ಸಿಗಾರಿನ ಮೇಲೆ ಬಿಳಿ ಪುಡಿ ಕಂಡರೆ ಹಳೇ ಸರಕಿನ ಲಕ್ಷಣ ಅಂತ ಹೆಮ್ಮೆಪಡುವವರಿದ್ದಾರೆ. ನಮ್ಮ ಊರಲ್ಲಿ ಅದು ಬೂಷ್ಟು, ಚಪ್ಪಲಿಯ ಮೇಲೆ ಬರುವಂಥದ್ದೇ. ಎಸೆದುಬಿಡು. ಸೂಜಿಮೊನೆಯಂಥ ತೂತು ಕಂಡರೂ ಅಷ್ಟೇ. ಹೊಗೆಸೊಪ್ಪಿನ ಹುಳ ಒಳಗಿದೆ, ಪೆಟ್ಟಿಗೆಯ ಉಳಿದವೂ ಕೆಟ್ಟ ಹಾಗೆಯೇ.

ಕೂರುವ ಜಾಗ ಹೇಳುತ್ತೇನೆ. ಮಾಡಿನ ಅಂಚಿಗೆ ಕುರ್ಚಿ ಹಾಕಬೇಡ, ಎರಚಲು ಹೊಡೆಯುತ್ತದೆ. ಜಗಲಿಯ ಒಳಮೂಲೆ ಚೆಂದ ಅಂತೀಯ, ಆದರೆ ಆಷಾಢದಲ್ಲಿ ಮನೆಮಂದಿಯ ಬಟ್ಟೆಯೆಲ್ಲ ಅಲ್ಲೇ ಹಗ್ಗದ ಮೇಲೆ. ಗಾಳಿ ಇಲ್ಲದ, ಮಂಜು ಕವಿದ ಸಂಜೆ ಸಿಗಾರಿನ ಹೊಗೆ ಮೇಲೇಳುವುದೂ ಇಲ್ಲ, ಹೊರಗೆ ಹೋಗುವುದೂ ಇಲ್ಲ. ಅರೆಬರೆ ಒಣಗಿದ ಸೀರೆ, ಕಂಬಳಿಯಲ್ಲಿ ಸೇರಿಕೊಳ್ಳುತ್ತದೆ. ಮೂರು ದಿನ ಕಾದು ಒಣಗಿಸಿದ ಸೀರೆ ಸಿಗಾರ್ ನಾತ ಹೊಡೆದರೆ ಆಮೇಲೆ ನಿನಗೂ ನಿನ್ನ ಅತ್ತೆಗೂ ನಡುವೆ ನಾನು ಬರುವುದಿಲ್ಲ. ಕಾರ್ ಶೆಡ್ಡೇ ಒಳ್ಳೆಯದು.

ಊರಿಂದ ಊರಿಗೂ ವ್ಯತ್ಯಾಸವಿದೆ. ಶೃಂಗೇರಿಯಿಂದ ಕೆರೆಕಟ್ಟೆ, ಕಿಗ್ಗದ ಕಡೆ ಹೋದಷ್ಟೂ ಜಡಿಮಳೆ. ಘಟ್ಟದ ಅಂಚಲ್ಲಿ, ವರ್ಷಕ್ಕೆ 7,000 ಮಿ.ಮೀ. ಮೀರುವ ಆಗುಂಬೆಯ ಸೆರಗದು. ಅಲ್ಲಿ ಸಿಗಾರಿನ ಆಸೆಯೇ ಬೇಡ. ಕಿಗ್ಗದ ಋಷ್ಯಶೃಂಗೇಶ್ವರನಿಗೆ ಮಳೆ ಬರಲಿ ಅಂತಲೂ, ಸಾಕಾದಾಗ ನಿಲ್ಲಲಿ ಅಂತಲೂ ಪೂಜೆ ಸಲ್ಲಿಸುವವರಿದ್ದಾರೆ. ನಿನ್ನ ಸಿಗಾರಿಗೋಸ್ಕರ ಅವನಿಗೆ ತೊಂದರೆ ಕೊಡಬೇಡ. ಕೊಪ್ಪ ನಡುವಣದ್ದು. ಪೂರ್ವಕ್ಕೆ ಎನ್.ಆರ್.ಪುರದ ಕಡೆ ಮಳೆ ಇಳಿಮುಖ, ಭದ್ರಾ ಹಿನ್ನೀರಿನ ಮೇಲಿಂದ ಗಾಳಿಯೂ ಆಡುತ್ತದೆ. ಮಳೆ ಬಿಟ್ಟ ಮಧ್ಯಾಹ್ನ ಅಲ್ಲಿ ಒಂದು ಹಚ್ಚಿದರೆ ಅರ್ಧದವರೆಗಾದರೂ ಉರಿದೀತು.

ಇನ್ನೆರಡು ಮಾತು, ಬೈಗುಳ ಅಂತ ತಿಳಿಯಬೇಡ. ಹೊಗೆ ನುಂಗುವುದಿಲ್ಲವಾದ್ದರಿಂದ ಅಪಾಯವಿಲ್ಲ ಅನ್ನುತ್ತೀ. ಸಿಗಾರಿನ ಹೊಗೆ ಬಾಯಿಯ ಒಳಚರ್ಮದಿಂದಲೇ ನಿಕೋಟಿನ್ ಇಳಿಸುತ್ತದೆ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ಹೊಗೆ ನುಂಗದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ತಪ್ಪದು. ಶೃಂಗೇರಿಯ ತುಂಗೆಯ ದಡದಲ್ಲಾಗಲಿ ಬಸ್‌ಸ್ಟ್ಯಾಂಡಿನಲ್ಲಾಗಲಿ ಹಚ್ಚಬೇಡ. ತಂಬಾಕು ಕಾಯ್ದೆಗೆ ರಾಜ್ಯ ತಂದ 2024ರ ತಿದ್ದುಪಡಿಯಲ್ಲಿ ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 1,000 ರೂಪಾಯಿಗೆ ಏರಿದೆ. ಜೊತೆಗೆ ಬರುವ ತಮ್ಮನಿಗೆ 21 ತುಂಬಿಲ್ಲ, ಅವನ ಕೈಗೆ ಕೊಡಲೇಕೂಡದು.

ನನ್ನ ಕೇಳಿದರೆ, ಆಷಾಢಕ್ಕೆ ಬಾ, ಆದರೆ ಕಷಾಯ ಕುಡಿ, ಕಳಲೆ ಪಲ್ಯ ಉಣ್ಣು. ಸಿಗಾರ್ ಜನವರಿಗೆ ಇರಲಿ. ಅಡಿಕೆ ಒಣಗುವ ಆ ಹವೆಯಲ್ಲಿ ಅದು ತಾನಾಗಿ ಹದಕ್ಕೆ ಬರುತ್ತದೆ, ಒಂದೇ ಕಡ್ಡಿಗೆ ಹತ್ತಿಕೊಳ್ಳುತ್ತದೆ. ಆಗ ಬೇರೆ ಎಚ್ಚರ ಬೇಕು: ಅಂಗಳದ ಅಡಿಕೆಸಿಪ್ಪೆ ರಾಶಿಯ ಹತ್ತಿರ ಕಿಡಿ ಬೀಳಬಾರದು, ಕಾಡಂಚಿನ ದರಗಿನ ಮೇಲೆ ಕೂರಬಾರದು. ಮಂಗನಕಾಯಿಲೆಯ ಉಣುಗು ಏಳುವ ಕಾಲವೂ ಅದೇ. ಅಂಗಳದ ನಡುವೆ ಕುರ್ಚಿ ಹಾಕಿಕೊಡುತ್ತೇನೆ, ಪಕ್ಕದಲ್ಲಿ ಒಂದು ತಂಬಿಗೆ ನೀರೂ ಇಡುತ್ತೇನೆ.