ಐಡಿ ಕಾರ್ಡ್ ಹಿಂತಿರುಗಿಸುವ ಮೊದಲು

ಕೆಲಸ ಬಿಡುವವರ ಲೆಕ್ಕವೆಲ್ಲ ಪಿಎಫ್, ಗ್ರ್ಯಾಚುಟಿ, ಉಳಿದ ರಜೆಯ ದುಡ್ಡು, ಇಷ್ಟರಲ್ಲೇ ಮುಗಿಯುತ್ತದೆ. ಐದು ವರ್ಷ ತುಂಬಿತೇ, ಫುಲ್ ಅಂಡ್ ಫೈನಲ್ ಎಷ್ಟು ಬಂದೀತು, ಬೋನಸ್ ಕೈಸೇರಿದ ಮೇಲೆ ರಾಜೀನಾಮೆ ಕೊಟ್ಟರೆ ಹೇಗೆ? ಬೆಂಗಳೂರಿನ ಕುಂದಲಹಳ್ಳಿ ಗೇಟಿನ ಆಸುಪಾಸಿನ ಯಾವ ಚಹಾ ಅಂಗಡಿಯ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. 2025ರ ಜುಲೈಯಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಶೇ 2ರಷ್ಟು, ಅಂದರೆ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿದ ಮೇಲಂತೂ ದನಿ ಇನ್ನಷ್ಟು ತಗ್ಗಿದೆ, ಲೆಕ್ಕ ಇನ್ನಷ್ಟು ಚುರುಕಾಗಿದೆ. ಅಪ್ಪ-ಅಮ್ಮನ ಆರೋಗ್ಯ ವಿಮೆಯ ಗತಿ ಏನು ಎಂದು ಕೇಳಿದರೆ ಮಾತ್ರ ಉತ್ತರ ಒಂದೇ: ‘ಹೊಸ ಕಂಪನೀಲಿ ಇರುತ್ತಲ್ಲ.’

2024ರ ಮಳೆಗಾಲದಲ್ಲಿ ನಾನು ಇಲ್ಲಿನ ಟೆಕ್ ಪಾರ್ಕೊಂದರ ಕೆಲಸ ಬಿಟ್ಟಾಗ ನನಗೆ ಹೊಸ ಕಂಪನಿ ಇರಲಿಲ್ಲ. ಕೆಲವು ಕಾಲ ಸ್ವಂತವಾಗಿ ಕನ್ಸಲ್ಟಿಂಗ್ ಮಾಡೋಣ ಎಂಬ ಹುಕಿ. ನನಗೂ ಹೆಂಡತಿಗೂ ಹೇಗೋ ಆಗುತ್ತಿತ್ತು. ನಲವತ್ತರ ಆಸುಪಾಸಿನ, ದೊಡ್ಡ ಕಾಯಿಲೆಗಳಿಲ್ಲದ ದಂಪತಿಗೆ ಪಾಲಿಸಿ ಮಾರಲು ಜನ ಬೆನ್ನು ಹತ್ತಿ ಬರುತ್ತಾರೆ. ತೊಡಕಿದ್ದದ್ದು ತಿಪಟೂರಿನ ಹತ್ತಿರ ಊರಲ್ಲಿರುವ ಅಪ್ಪ-ಅಮ್ಮನದು. ಅಮ್ಮನಿಗೆ ಬಹಳ ವರ್ಷಗಳ ಶುಗರ್, ಅಪ್ಪನಿಗೆ ಬಿಪಿ. ಇಬ್ಬರೂ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿದ್ದರು. ಅಲ್ಲಿ ಯಾವ ಕಾಯಿಲೆ ಎಂದಿನಿಂದ ಇದೆ ಎಂದು ಯಾರೂ ಕೇಳಿರಲಿಲ್ಲ, ಮೊದಲ ದಿನದಿಂದಲೇ ಎಲ್ಲಕ್ಕೂ ರಕ್ಷಣೆ. ಪೋಷಕರ ಕ್ಲೇಮಿನಲ್ಲಿ ಒಂದಿಷ್ಟು ಪಾಲು ನಾವು ಕೊಡಬೇಕಿತ್ತು, ಅಷ್ಟೇ.

ಗ್ರೂಪ್ ಪಾಲಿಸಿ ಎನ್ನುವುದು ಕಂಪನಿಗೂ ವಿಮಾ ಸಂಸ್ಥೆಗೂ ನಡುವಿನ ಕರಾರು. ನಾವು ಅದರೊಳಗಿನ ಒಂದು ಹೆಸರು ಮಾತ್ರ. ಕೊನೆಯ ಕೆಲಸದ ದಿನ ಲ್ಯಾಪ್‌ಟಾಪು, ಐಡಿ ಕಾರ್ಡು ಒಪ್ಪಿಸಿ ಹೊರಬಂದರೆ ಆ ಹೆಸರು ಪಟ್ಟಿಯಿಂದ ಹೋಗುತ್ತದೆ, ಜೊತೆಗೆ ಹೆಂಡತಿ, ಮಕ್ಕಳು, ಅಪ್ಪ, ಅಮ್ಮನ ಹೆಸರುಗಳೂ. ಪಾಲಿಸಿ ವರ್ಷ ಮುಗಿಯುವ ತನಕ ಉಳಿಸಿಕೊಡುವ ಕಂಪನಿಗಳೂ ಇವೆ, ತಾವಾಗಿ ಕಳಿಸುವಾಗ ಕೆಲವು ತಿಂಗಳು ವಿಸ್ತರಿಸುವವೂ ಇವೆ. ಅದು ಕಂಪನಿಯ ದೊಡ್ಡ ಮನಸ್ಸು, ನಮ್ಮ ಹಕ್ಕಲ್ಲ. ನಮ್ಮ ಎಚ್‌ಆರ್ ಹುಡುಗಿ ನೇರವಾಗಿಯೇ ಹೇಳಿದಳು: ‘ಲಾಸ್ಟ್ ವರ್ಕಿಂಗ್ ಡೇ ತನಕ ಇರುತ್ತೆ ಸರ್. ಆಮೇಲೆ ನೀವೇ ನೋಡ್ಕೋಬೇಕು.’

ಅದೇ ದಿನಗಳಲ್ಲಿ ನಮ್ಮ ಗೇಟಿನ ಸೆಕ್ಯುರಿಟಿಯವರೊಬ್ಬರೂ ಕೆಲಸ ಬಿಡುತ್ತಿದ್ದರು. ರಾಯಚೂರಿನ ಕಡೆಯವರು, ಆಗಸ್ಟಿನಲ್ಲಿ ಊರಿಗೆ ಹೊರಟಿದ್ದರು. ಮಾತಿಗೆ ಮಾತು ಬಂದು ಆಸ್ಪತ್ರೆ ಖರ್ಚಿನ ವಿಷಯ ಎತ್ತಿದೆ. ‘ನಮ್ದು ಇಎಸ್‌ಐ ಐತಲ್ರಿ ಸರ, ಬರೋ ಜೂನ್ ತನಾ ನಡೀತೈತಿ’ ಅಂದರು. ಕೆಲಸ ಬಿಟ್ಟ ಮೇಲೆ ಹೇಗೆ ನಡೆಯುತ್ತದೆ ಎಂದು ಮನೆಗೆ ಬಂದು ನೋಡಿದರೆ, ಅವರ ಮಾತು ಅಕ್ಷರಶಃ ನಿಜ. ತಿಂಗಳ ವೇತನ 21,000 ರೂಪಾಯಿ ಮೀರದವರಿಗೆ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ. ನೌಕರನ ಪಾಲು ಶೇ 0.75, ಮಾಲೀಕನ ಪಾಲು ಶೇ 3.25. ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವೆ ಕನಿಷ್ಠ 78 ದಿನದ ವಂತಿಗೆ ಸಂದಾಯವಾಗಿದ್ದರೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ವಂತಿಗೆಗೆ ಜುಲೈಯಿಂದ ಡಿಸೆಂಬರ್‌ವರೆಗೆ. ಹಾಗಾಗಿ ಆಗಸ್ಟಿನಲ್ಲಿ ಬಿಟ್ಟವರಿಗೆ ಹಿಂದಿನ ಚಳಿಗಾಲದ ದುಡಿಮೆ ಡಿಸೆಂಬರ್ ದಾಟಿಸುತ್ತದೆ, ಈ ಬೇಸಿಗೆಯದು ಮುಂದಿನ ಜೂನ್ ತಲುಪಿಸುತ್ತದೆ. ಇಎಸ್‌ಐ ಆಸ್ಪತ್ರೆಗಳ ಸಾಲು, ಔಷಧಿ ಇಲ್ಲವೆಂಬ ದೂರು ಎಲ್ಲವೂ ನನಗೆ ಗೊತ್ತು. ಆದರೂ ಒಂದೇ ಗೇಟಿನಿಂದ ಹೊರಬಿದ್ದ ಇಬ್ಬರಲ್ಲಿ ಕಾನೂನಿನ ಬಲದಿಂದ ರಕ್ಷಣೆ ಇದ್ದದ್ದು ಅವರಿಗೆ. ನನಗೆ ಇದ್ದದ್ದು ಒಂದು ಇ-ಕಾರ್ಡಿನ ಪಿಡಿಎಫ್.

ನ್ಯೂಜೆರ್ಸಿಯಲ್ಲಿರುವ ನನ್ನ ಅತ್ತೆಯ ಮಗನ ಕೆಲಸ ಹೋದಾಗ ಅಲ್ಲಿಯ ‘ಕೋಬ್ರಾ’ ಕಾಯ್ದೆಯ ಕಥೆ ಕೇಳಿದ್ದೆ. ಕಂಪನಿಯದೇ ವಿಮೆಯನ್ನು ಸಾಮಾನ್ಯವಾಗಿ 18 ತಿಂಗಳವರೆಗೆ ಮುಂದುವರಿಸಿಕೊಳ್ಳಬಹುದು. ಆದರೆ ಕಂಪನಿ ಕಟ್ಟುತ್ತಿದ್ದ ಪಾಲೂ ಸೇರಿ ಪೂರ್ತಿ ಪ್ರೀಮಿಯಂ, ಅದರ ಮೇಲೆ ಶೇ 2ರವರೆಗೆ ಆಡಳಿತ ವೆಚ್ಚ. ಆ ಬಿಲ್ ನೋಡಿದವರಿಗೆ ಹೆಸರು ಸರಿಯಾಗಿಯೇ ಇಟ್ಟಿದ್ದಾರೆ ಅನ್ನಿಸುತ್ತದಂತೆ. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಇರುವುದು ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ ಕೊಟ್ಟಿರುವ ಒಂದು ದಾರಿ: ಮೈಗ್ರೇಷನ್. ಗ್ರೂಪ್ ಪಾಲಿಸಿಯಿಂದ ಹೊರಬೀಳುವ ಸದಸ್ಯ ಮತ್ತು ಅವನ ಕುಟುಂಬ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಅಥವಾ ಫ್ಯಾಮಿಲಿ ಪಾಲಿಸಿಗೆ ದಾಟಬಹುದು. ದಾಟುವಾಗ ಕಳೆದ ವರ್ಷಗಳ ಲೆಕ್ಕ ಜೊತೆಗೇ ಬರುತ್ತದೆ.

ಉಳಿಸಿಕೊಳ್ಳಬೇಕಾದ್ದು ಆ ಲೆಕ್ಕವನ್ನೇ. ವಿಮೆಯಲ್ಲಿ ದುಡ್ಡಿನಷ್ಟೇ ಬೆಲೆ ಕಾಯುವಿಕೆಗೂ ಇದೆ. ಹೊಸ ಪಾಲಿಸಿ ಕೊಂಡರೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಕ್ಲೇಮ್ ಇಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಚಿಪ್ಪು ಬದಲಾವಣೆಯಂಥವಕ್ಕೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು, ಕೆಲವದಕ್ಕೆ ಮೂರು. ಮೊದಲೇ ಇದ್ದ ಕಾಯಿಲೆಗೆ 36 ತಿಂಗಳವರೆಗೆ. 2024ಕ್ಕೆ ಮುಂಚೆ ಇದು 48 ಇತ್ತು. 60 ತಿಂಗಳು ಎಡೆಬಿಡದೆ ವಿಮೆ ಇದ್ದರೆ, ವಂಚನೆ ಸಾಬೀತಾಗದ ಹೊರತು ‘ಆ ಕಾಯಿಲೆ ನೀವು ಹೇಳಿರಲಿಲ್ಲ’ ಎಂದು ಕ್ಲೇಮ್ ತಳ್ಳುವಂತಿಲ್ಲ. ಇದೂ ಮೊದಲು ಎಂಟು ವರ್ಷವಿತ್ತು. ಶುಗರ್ ಇರುವ ಅರವತ್ತೆಂಟರ ಹೆಂಗಸಿಗೆ ಮೂರು ವರ್ಷ ಹೊಸದಾಗಿ ಕಾಯುವುದೆಂದರೆ ಏನು ಎಂದು ವಿವರಿಸಬೇಕಿಲ್ಲ. ನನ್ನ ನೌಕರಿಯ ವರ್ಷಗಳಲ್ಲಿ ಅಮ್ಮ ಆ ಅವಧಿಯನ್ನು ಆಗಲೇ ಕಳೆದಿದ್ದರು. ಅದನ್ನು ಎಚ್‌ಆರ್ ಟೇಬಲ್ಲಿನ ಮೇಲೆ ಬಿಟ್ಟು ಬರಲು ನನಗೆ ಮನಸ್ಸಿರಲಿಲ್ಲ.

ದಾರಿ ಇದೆ ಎಂದ ಮಾತ್ರಕ್ಕೆ ಅದನ್ನು ತೋರಿಸುವವರು ಇರಬೇಕೆಂದಿಲ್ಲ. ಎಚ್‌ಆರ್‌ಗೆ ಮೈಗ್ರೇಷನ್ ಶಬ್ದವೇ ಹೊಸದು. ಬ್ರೋಕರ್ ಹೆಲ್ಪ್‌ಡೆಸ್ಕಿಗೆ ಬರೆಯಿರಿ ಎಂದಳು. ಹೆಲ್ಪ್‌ಡೆಸ್ಕಿನಿಂದ ಮೇಲ್ ಬರುವ ಮೊದಲೇ ಮಾರಾಟದ ಹುಡುಗನ ಫೋನ್ ಬಂತು. ತುಂಬ ಉತ್ಸಾಹಿ. ಕಡಿಮೆ ಪ್ರೀಮಿಯಂ, ಹೆಚ್ಚಿನ ವಿಮಾ ಮೊತ್ತ, ಲಿಂಕ್ ಕಳಿಸುತ್ತೇನೆ, ಇವತ್ತೇ ಪೇ ಮಾಡಿದರೆ ರಿಯಾಯಿತಿ. ‘ಇದು ಮೈಗ್ರೇಷನ್ನಾ, ಫ್ರೆಶ್ ಪಾಲಿಸಿನಾ?’ ಎಂದು ಕೇಳಿದೆ. ‘ಎರಡೂ ಒಂದೇ ಸರ್.’ ಎರಡೂ ಒಂದೇ ಅಲ್ಲ. ಲಿಂಕಿನಲ್ಲಿದ್ದ ಅರ್ಜಿಯಲ್ಲಿ ಹಳೆಯ ಪಾಲಿಸಿ ನಂಬರ್ ಬರೆಯಲು ಜಾಗವೇ ಇರಲಿಲ್ಲ. ಹಾಗಿದ್ದರೆ ಅದು ಹೊಸ ಪಾಲಿಸಿ, ಕಾಯುವ ಅವಧಿ ಸೊನ್ನೆಯಿಂದ ಶುರು. ನಾನು ವಿಮಾ ಸಂಸ್ಥೆಯ ಗ್ರಾಹಕ ವಿಭಾಗಕ್ಕೇ ನೇರ ಬರೆದೆ: ಗ್ರೂಪ್ ಪಾಲಿಸಿ ನಂಬರು, ಎಲ್ಲರ ಸದಸ್ಯ ಸಂಖ್ಯೆ, ಕೊನೆಯ ಕೆಲಸದ ದಿನ, ಮೈಗ್ರೇಷನ್ ಫಾರ್ಮ್ ಕಳಿಸಿ ಎಂಬ ಒಂದು ಸಾಲು. ನೋಟಿಸ್ ಪೀರಿಯಡ್ ಇನ್ನೂ ನಡೆಯುತ್ತಿತ್ತು, ಅದೇ ನನ್ನ ಬಲ. ಹೆಸರು ಪಟ್ಟಿಯಿಂದ ತೆಗೆದ ಮೇಲೆ ಕೇಳಿಕೊಂಡು ಹೋಗುವುದಕ್ಕೂ ಹೆಸರು ಇರುವಾಗಲೇ ಕೇಳುವುದಕ್ಕೂ ವ್ಯತ್ಯಾಸವಿದೆ. ಪ್ರತಿ ವರ್ಷದ ಇ-ಕಾರ್ಡು, ಪಾಲಿಸಿ ಶೆಡ್ಯೂಲುಗಳನ್ನು ಆಫೀಸ್ ಮೇಲಿನಿಂದ ನನ್ನ ಸ್ವಂತ ಮೇಲಿಗೆ ಸಾಗಿಸಿಟ್ಟದ್ದೂ ಆ ವಾರಗಳಲ್ಲೇ. ಹಳೆಯ ವರ್ಷಗಳಿಗೆ ಸಾಕ್ಷಿ ಅವೇ, ಮತ್ತು ಆಫೀಸ್ ಮೇಲು ಕೊನೆಯ ದಿನವೇ ಮುಚ್ಚಿಹೋಗುತ್ತದೆ.

ಮೈಗ್ರೇಷನ್ ಎಂದರೆ ಕಣ್ಣು ಮುಚ್ಚಿ ಒಪ್ಪುತ್ತಾರೆಂದಲ್ಲ. ವಿಮಾ ಸಂಸ್ಥೆಗೆ ಅಳೆದು ತೂಗುವ ಹಕ್ಕಿದೆ. ಅಪ್ಪ-ಅಮ್ಮನನ್ನು ತಿಪಟೂರಿನಿಂದ ಕರೆಸಿ ರಕ್ತ, ಮೂತ್ರ, ಇಸಿಜಿ ಎಲ್ಲ ಮಾಡಿಸಬೇಕಾಯಿತು. ಅಪ್ಪನಿಗೆ ಇದು ಶುದ್ಧ ದಂಡದ ಕೆಲಸ. ‘ನಮ್ಮ ಡೇರಿ ಸಂಘದಾಗೆ ಯಶಸ್ವಿನಿ ಐತಲ್ಲೋ, ಐನೂರು ರೂಪಾಯಿಗೆ ಐದು ಲಕ್ಷ’ ಎಂದು ವಾದಕ್ಕೆ ನಿಂತರು. ಅವರ ಲೆಕ್ಕ ತಪ್ಪೇನಲ್ಲ. ಸಹಕಾರ ಸಂಘದ ಸದಸ್ಯರಿಗೆಂದು 2003ರಲ್ಲಿ ಶುರುವಾಗಿ, ನಡುವೆ ನಿಂತು, 2023ರ ಜನವರಿಯಿಂದ ಮತ್ತೆ ನಡೆಯುತ್ತಿರುವ ಯಶಸ್ವಿನಿಯಲ್ಲಿ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷದ ವಂತಿಗೆ ಅಷ್ಟೇ. ಆದರೆ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ, ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಮಾತ್ರ. ಕುಂದಲಹಳ್ಳಿಯಿಂದ ಮೆಟ್ರೊದಲ್ಲಿ ಹೋಗುವಷ್ಟು ಹತ್ತಿರ ಸತ್ಯಸಾಯಿ ಆಸ್ಪತ್ರೆಯೂ ಇದೆಯಲ್ಲ ಎಂದರು. 2001ರಿಂದ ಹಣ ಪಡೆಯದೆ ಹೃದಯ, ಮಿದುಳಿನ ಚಿಕಿತ್ಸೆ ಮಾಡುವ ಆ ಆಸ್ಪತ್ರೆಯ ಬಗ್ಗೆ ನನಗೂ ಅಪಾರ ಗೌರವ. ಅಲ್ಲಿನ ಸರದಿಯಲ್ಲಿ ನನ್ನಂಥವನು ಅಪ್ಪನನ್ನು ನಿಲ್ಲಿಸಿದರೆ ಬೇರೆ ಯಾರದೋ ಅಪ್ಪ ಒಂದು ಸ್ಥಾನ ಹಿಂದೆ ಹೋಗುತ್ತಾರೆ ಎಂದೆ. ಅದಕ್ಕೆ ಅವರು ಮಾತಾಡದೆ ಇಸಿಜಿಗೆ ಅಂಗಿ ಬಿಚ್ಚಿದರು.

ಫಲಿತಾಂಶ ಅರ್ಧ ಸಿಹಿ. ಇಬ್ಬರನ್ನೂ ಒಪ್ಪಿದರು. ಅಮ್ಮನ ಪ್ರೀಮಿಯಂ ಮೇಲೆ ಶುಗರ್ ಕಾರಣಕ್ಕೆ ಲೋಡಿಂಗ್, ಅಂದರೆ ಹೆಚ್ಚುವರಿ ಮೊತ್ತ ಹಾಕಿದರು. ಕ್ಲೇಮಿನಲ್ಲಿ ಒಂದು ಪಾಲು ನಮ್ಮದೆಂಬ ಷರತ್ತು ಇಲ್ಲೂ ಬಂತು. ಇಬ್ಬರದೂ ಸೇರಿ, ಆಗಿದ್ದ ಶೇ 18ರ ಜಿಎಸ್‌ಟಿಯೊಡನೆ, ವರ್ಷದ ಮೊತ್ತ ನಮ್ಮ ಮನೆಯ ಎರಡು ತಿಂಗಳ ಬಾಡಿಗೆಯನ್ನು ಮೀರಿತು. ಸಂಬಳ ನಿಂತ ತಿಂಗಳಲ್ಲಿ ಅದನ್ನು ಕಟ್ಟುವುದು ಖುಷಿಯ ಸಂಗತಿಯಲ್ಲ. ವಿಮಾ ಮೊತ್ತವನ್ನು ಹೆಚ್ಚಿಸಿಕೊಳ್ಳುವ ಆಸೆಯನ್ನು ಬಿಟ್ಟೆ. ಹಳೆಯ ಮೊತ್ತದಷ್ಟಕ್ಕೆ ಮಾತ್ರ ಕಳೆದ ವರ್ಷಗಳ ಲೆಕ್ಕ ಸಿಗುತ್ತದೆ, ಹೆಚ್ಚಿಸಿದ ಭಾಗಕ್ಕೆ ಕಾಯುವುದು ಹೊಸದಾಗಿಯೇ. ಒಂದು ವೇಳೆ ನಿರಾಕರಿಸಿದ್ದರೆ ಏನು ಮಾಡುತ್ತಿದ್ದೆ ಎಂದು ಹೆಂಡತಿ ಕೇಳಿದಳು. ಅದಕ್ಕೆ ಉತ್ತರ ಕೆಲಸ ಬಿಡುವ ವರ್ಷದಲ್ಲಿ ಸಿಗುವಂಥದಲ್ಲ. ಕಂಪನಿ ವಿಮೆ ಎಷ್ಟೇ ಗಟ್ಟಿಯಾಗಿರಲಿ, ಹೆತ್ತವರಿಗೆ ಐವತ್ತೈದು-ಅರವತ್ತು ಇರುವಾಗಲೇ ಸಣ್ಣದೊಂದು ಸ್ವಂತ ಪಾಲಿಸಿ ಶುರುಮಾಡಿಡುವುದು ನನ್ನ ಪ್ರಕಾರ ಮ್ಯೂಚುವಲ್ ಫಂಡ್ ಎಸ್‌ಐಪಿಗಿಂತ ಮೊದಲು ಬರಬೇಕಾದ ಕೆಲಸ. ಇದನ್ನು ಹೇಳಿದರೆ ಇಲ್ಲಿನ ಹುಡುಗರು ನಗುತ್ತಾರೆ. ಎಸ್‌ಐಪಿಗೆ ಆ್ಯಪ್‌ನಲ್ಲಿ ಹಸಿರು ಗೆರೆ ಕಾಣಿಸುತ್ತದೆ, ವಿಮೆಗೆ ಏನೂ ಕಾಣಿಸುವುದಿಲ್ಲ.

ಮರುವರ್ಷ ಅಮ್ಮನ ಕಣ್ಣಿನ ಪೊರೆ ತೆಗೆಸಬೇಕಾಯಿತು. ಹೊಸ ಪಾಲಿಸಿಯಾಗಿದ್ದರೆ ಅದು ಕಾಯುವ ಪಟ್ಟಿಯಲ್ಲಿರುತ್ತಿತ್ತು. ಆಸ್ಪತ್ರೆಯ ವಿಮಾ ಕೌಂಟರಿನವರು ಪಾಲಿಸಿ ಶುರುವಾದ ದಿನಾಂಕ ನೋಡಿ ಮೊದಲು ತಲೆಯಾಡಿಸಿದರು. ಶೆಡ್ಯೂಲಿನಲ್ಲಿ ಮುಂಚಿನ ಗ್ರೂಪ್ ಪಾಲಿಸಿಯ ವರ್ಷಗಳನ್ನು ನಮೂದಿಸಿದ್ದ ಸಾಲು ತೋರಿಸಿದ ಮೇಲೆ ಅರ್ಜಿ ಮುಂದೆ ಹೋಯಿತು. ಪೊರೆಗೆ ಅವರು ಇಟ್ಟಿದ್ದ ಮಿತಿಯಷ್ಟು ಬಂತು, ಉಳಿದದ್ದು ನಮ್ಮ ಕೈಯಿಂದ. ಪಾಲಿಸಿ ಕೈಸೇರಿದಾಗ ಬೇರೆ ಏನೂ ಓದದಿದ್ದರೂ ಆ ಒಂದು ಸಾಲು ಮುದ್ರಣವಾಗಿದೆಯೇ ನೋಡಿ. ಇಲ್ಲದಿದ್ದರೆ, ಬೇಡವೆಂದರೆ ಪಾಲಿಸಿ ಹಿಂತಿರುಗಿಸಬಹುದಾದ 30 ದಿನಗಳ ಫ್ರೀ-ಲುಕ್ ಅವಧಿಯೊಳಗೇ ಬರೆದು ಸರಿಪಡಿಸಿಕೊಳ್ಳಿ.

ಈಗ ನಾನು ಮತ್ತೆ ನೌಕರಿಯಲ್ಲಿದ್ದೇನೆ, ಈ ಸಲ ಪಟ್ಟಂದೂರು ಅಗ್ರಹಾರದ ಕಡೆ. ಹೊಸ ಕಂಪನಿಯ ಪಾಲಿಸಿಗೆ ಅಪ್ಪ-ಅಮ್ಮನನ್ನು ಸೇರಿಸಿದೆ, ಸ್ವಂತದ್ದನ್ನು ಬಿಡಲಿಲ್ಲ. ಎರಡು ಪಾಲಿಸಿ ಇದ್ದಾಗ ಯಾವುದರಲ್ಲಿ ಕ್ಲೇಮ್ ಮಾಡಬೇಕೆಂಬ ಆಯ್ಕೆ ನಮ್ಮದೇ. ಸಣ್ಣಪುಟ್ಟದಕ್ಕೆ ಕಂಪನಿಯದನ್ನೇ ಬಳಸುತ್ತೇವೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲವಾಗಿದೆ. ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚಿಸಬೇಕಾದರೆ ಮೊದಲು ಪ್ರಾಧಿಕಾರದ ಜೊತೆ ಸಮಾಲೋಚಿಸಬೇಕೆಂಬ ಆದೇಶವೂ ಅದೇ ವರ್ಷದ ಜನವರಿಯದು. ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಹಿರಿಯ ತಂದೆತಾಯಿಯ ಪ್ರೀಮಿಯಂ ಮೇಲೆ 50,000 ರೂಪಾಯಿವರೆಗೆ ಕಡಿತವಿದೆ, ನಗದಿನಲ್ಲಿ ಕಟ್ಟಿರಬಾರದು ಅಷ್ಟೆ. ಹೊಸ ಪದ್ಧತಿಗೆ ಹೋದ ನನಗೆ ಅದೂ ಇಲ್ಲ.

ಮುಂದಿನ ನವೀಕರಣಕ್ಕೆ ಬೇರೆ ವಿಮಾ ಸಂಸ್ಥೆಗೆ ಪೋರ್ಟ್ ಮಾಡುವ ಯೋಚನೆಯಿದೆ. ಒಂದೂವರೆ-ಎರಡು ತಿಂಗಳ ಮುಂಚೆಯೇ ಅರ್ಜಿ ಹಾಕಬೇಕು. ಎರಡು ಕಡೆಯಿಂದ ದರ ತರಿಸಿದ್ದೇನೆ. ಒಂದು ಅಗ್ಗ, ಇನ್ನೊಂದರ ಕ್ಯಾಶ್‌ಲೆಸ್ ಪಟ್ಟಿಯಲ್ಲಿ ತುಮಕೂರಿನ ಆಸ್ಪತ್ರೆಗಳಿವೆ. ಅಪ್ಪ ಎರಡನೆಯದಕ್ಕೆ ಒಲವು ತೋರಿದ್ದಾರೆ, ಇನ್ನೊಮ್ಮೆ ಇಸಿಜಿಗೆ ಮಾತ್ರ ಬರುವುದಿಲ್ಲವಂತೆ.