ಉಳಿದ ನೀರು ಎಲ್ಲಿ ಹೋಯಿತು?

ಕೋಲಾರ ಜಿಲ್ಲೆಯಲ್ಲಿ ಹನಿ ನೀರಾವರಿಯ ಮೌಲ್ಯಮಾಪನಕ್ಕೆ ಹಳ್ಳಿ ಹಳ್ಳಿ ತಿರುಗಿದಾಗ ನಮ್ಮ ಕೈಲಿದ್ದ ನಮೂನೆ ಕೇಳುತ್ತಿದ್ದುದು ಇಷ್ಟೇ: ಫಲಾನುಭವಿಯ ಹೆಸರು, ಸರ್ವೆ ನಂಬರು, ಎಷ್ಟು ಎಕರೆ, ಶೇ 90ರ ಸಹಾಯಧನ ಬಂತೆ, ಹೊಲದಲ್ಲಿ ಪೈಪು ಇದೆಯೆ? ಆ ಲೆಕ್ಕದಲ್ಲಿ ಯೋಜನೆ ಯಶಸ್ವಿ. ಆದರೆ ಅದೇ ಊರುಗಳಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿದ್ದವು.

"ನೀರು ಉಳೀತು ಸಾರ್. ಅದಕ್ಕೇ ಪಕ್ಕದ ರಾಗಿ ಹೊಲಕ್ಕೂ ಟೊಮೆಟೊ ಇಟ್ವಿ" ಅಂದರು ಒಬ್ಬ ರೈತರು. ಅವರು ಮಾಡಿದ್ದರಲ್ಲಿ ತಪ್ಪೇನಿಲ್ಲ. 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ. ಕೋಲಾರದ ದೊಡ್ಡ ಟೊಮೆಟೊ ಮಾರುಕಟ್ಟೆ ಕೈಗೆಟುಕುವ ದೂರದಲ್ಲಿದೆ. ಹೀಗಿರುವಾಗ ಉಳಿದ ನೀರನ್ನು ನೆಲದಲ್ಲೇ ಬಿಡುವವರು ಯಾರು?

ಅವರ ಮನೆಯಾಕೆ ಕೊಟ್ಟಿಗೆ ತೋರಿಸಿದರು. "ಟೊಮೆಟೊ ದುಡ್ಡು ರೇಟಿದ್ರೆ ಉಂಟು. ಡೇರಿ ಬಟವಾಡೆ ತಪ್ಪಲ್ಲ. ಈಗ ರಾಗಿಹುಲ್ಲು ಕೊಂಡು ಹಾಕ್ಬೇಕು, ಹಾಲಲ್ಲೇನು ಉಳಿಯುತ್ತೆ ಹೇಳಿ?" ನೀರಿನ ಯೋಜನೆಯೊಂದು ಹಸುವಿನ ಮೇವಿಗೂ ಕೈಯಿಟ್ಟಿತ್ತು. ಅದಕ್ಕೆ ನಮೂನೆಯಲ್ಲಿ ಕಾಲಂ ಇರಲಿಲ್ಲ.

ಅಂದು ಸಂಜೆ ಅರಳಿಕಟ್ಟೆಯ ಮೇಲೆ ಊರವರಿಂದಲೇ ಸೀಮೆಸುಣ್ಣದಲ್ಲಿ ಬಾಣ ಹಾಕಿಸಿದೆವು. ಡ್ರಿಪ್ಪಿನಿಂದ ನೀರು ಉಳಿತಾಯ, ಉಳಿದ ನೀರಿಗೆ ಹೆಚ್ಚು ಎಕರೆ, ಅದಕ್ಕೆ ಹೆಚ್ಚು ಹೊತ್ತು ಪಂಪು, ಅಂತರ್ಜಲ ಕುಸಿತ, ಹೊಸ ಬೋರು, ಸಾಲ. ಸಾಲ ತೀರಿಸಲು ಮತ್ತೆ ಟೊಮೆಟೊ. ಅಲ್ಲಿಂದ ಹೊರಟ ಬಾಣ ಪಂಪಿಗೇ ಬಂದು ಸೇರಿತು. ಆಗ ಮೂಲೆಯಲ್ಲಿ ಕೂತಿದ್ದ ಯಜಮಾನರೊಬ್ಬರು, "ಮೊದಲು ಬತ್ತಿದ್ದು ನನ್ನ ಬೋರು" ಅಂದರು. ಅವರದು ಆಳವಿಲ್ಲದ ಹಳೆಯ ಬೋರು. ಡ್ರಿಪ್ ಹಾಕಿಸಿರಲಿಲ್ಲವಾದ್ದರಿಂದ ನಮ್ಮ ಪಟ್ಟಿಯಲ್ಲಿ ಅವರ ಹೆಸರೂ ಇರಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಕೆಲಸದ ಕ್ರಮ ಬದಲಾಯಿತು. ಫಲಾನುಭವಿಯ ಜೊತೆಗೆ ಅವರ ಅಕ್ಕಪಕ್ಕದ ಹೊಲದವರನ್ನೂ ಮಾತಾಡಿಸುತ್ತೇವೆ. ಮಳೆಗಾಲದಲ್ಲಿ ಕಂಡ ಬೋರನ್ನು ಬೇಸಿಗೆಯಲ್ಲಿ ಮತ್ತೆ ನೋಡುತ್ತೇವೆ. ಎಕರೆಗೆ ಎಷ್ಟು ನೀರು ಎನ್ನುವುದರ ಜೊತೆಗೆ ಇಡೀ ಊರು ಎಷ್ಟು ನೀರೆತ್ತಿತು, ಯಾವ ಬೆಳೆ ಬಿಟ್ಟು ಯಾವುದು ಬಂತು ಎಂದೂ ಕೇಳುತ್ತೇವೆ.

ಹನಿ ನೀರಾವರಿ ಒಳ್ಳೆಯ ಉಪಕರಣ. ಇಳುವರಿ ಹೆಚ್ಚುತ್ತದೆ, ಕಳೆ ಕೀಳುವ ಕೂಲಿ ತಗ್ಗುತ್ತದೆ. ಆದರೆ ಇಡೀ ಊರು ಎತ್ತುವ ನೀರಿಗೆ ಮಿತಿಯಿಲ್ಲದ ಕಡೆ ಅದೊಂದರಿಂದಲೇ ಅಂತರ್ಜಲ ಉಳಿಯದು. ನಮೂನೆ ತಯಾರಿಸುವ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಪೈಪು ಇದೆಯೆ ಎಂದು ಕೇಳುವ ಕಾಲಂ ಪಕ್ಕದಲ್ಲಿ ನೆರೆಯವರ ಬೋರಿಗೂ ಕೊಟ್ಟಿಗೆಯ ಮೇವಿಗೂ ಒಂದೊಂದು ಕಾಲಂ ಸೇರಿಸಿ.