ರಸೀದಿ ಕೈಗೆ ಬಾರದೆ ಏಳಬೇಡಿ

ಉತ್ತರ ಕನ್ನಡ ಜಿಲ್ಲೆಯ ಮಿರ್ಜಾನದ ಸುತ್ತಮುತ್ತ ಕೃಷಿ ಕೂಲಿಕಾರರ ಸಂಘದಲ್ಲಿ ಓಡಾಡಿ ಕಲಿತದ್ದನ್ನು, ಈಗ ಸಂಘಕ್ಕೆ ಬರುತ್ತಿರುವ ತಮ್ಮ-ತಂಗಿಯರಿಗಾಗಿ ಬರೆಯುತ್ತಿದ್ದೇನೆ.

1. ಕೇಳಬೇಕಾದದ್ದು ಯಾರನ್ನು ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಅಘನಾಶಿನಿ ನದಿಯ ಗಜನಿಗಳಲ್ಲಿ, ಅಂದರೆ ಉಬ್ಬರದ ನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಿದ್ದಾಗ ಕೊಯ್ಲಿಗೆ ಆಳು ಬೇಕೇ ಬೇಕಿತ್ತು. ಕದಿರು ಬಾಗಿದಾಗ ಕೂಲಿ ಏರಿಸಿ ಎಂದರೆ ಗದ್ದೆಯವರು ಮಾತಿಗೆ ಬರುತ್ತಿದ್ದರು. ಗಜನಿ ಸಿಗಡಿ ಸಾಕಣೆಗೆ ಗುತ್ತಿಗೆ ಹೋದ ಕಡೆ ಕೊಯ್ಲು ಹೋಯಿತು, ಕೊಯ್ಲಿನೊಂದಿಗೆ ನಮ್ಮ ಪಟ್ಟೂ ಹೋಯಿತು. ಇಲ್ಲದ ಕೆಲಸಕ್ಕೆ ಮುಷ್ಕರ ಹೂಡುವುದು ಹೇಗೆ? ಕೇಳಲು ಉಳಿದದ್ದು ಸರ್ಕಾರ ಒಂದೇ.

2. ಸರ್ಕಾರದ ಹತ್ತಿರ ಬಾಯಿಮಾತು ನಡೆಯುವುದಿಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ನಮ್ಮ ಕೈಗೆ ಸಿಕ್ಕ ನಿಜವಾದ ಬಲ ವರ್ಷಕ್ಕೆ ನೂರು ದಿನದ ಕೆಲಸದ ಮಾತಿಗಿಂತ ಹೆಚ್ಚಾಗಿ ದಿನಾಂಕ ಹಾಕಿದ ರಸೀದಿ. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು, ಮೊದಲ 30 ದಿನಕ್ಕೆ ಕೂಲಿಯ ಕಾಲುಭಾಗಕ್ಕೆ ಕಡಿಮೆಯಿಲ್ಲದಂತೆ. ಆದರೆ ಆ ಹದಿನೈದು ದಿನ ಎಣಿಸುವುದು ಯಾವತ್ತಿನಿಂದ? ರಸೀದಿ ಇಲ್ಲದಿದ್ದರೆ ಅರ್ಜಿ ಕೊಟ್ಟೇ ಇಲ್ಲ ಎಂದಾಗುತ್ತದೆ. ‘ಅಕ್ಕ, ಇಟ್ಟು ಹೋಗಿ, ಆಮೇಲೆ ನೋಡುವ’ ಎಂದರೆ ಅಲ್ಲೇ ಕುಳಿತುಬಿಡಿ. ನಮ್ಮ ಹೆಂಗಸರು ಕೆಲಸ ಕೇಳುವ ಅರ್ಜಿ ನಮೂನೆ 6 ಹಿಡಿದು ಸಂಜೆಯವರೆಗೂ ಪಂಚಾಯ್ತಿಯಲ್ಲಿ ಕೂತು ರಸೀದಿ ತಂದಿದ್ದಾರೆ. ನಾನು ಕಂಡ ದೊಡ್ಡ ಹೋರಾಟ ಅದೇ. ಕಾಯ್ದೆಯ ಹೆಸರು, ನಿಯಮ ಬದಲಾದರೂ ಈ ರೂಢಿ ಬಿಡಬೇಡಿ.

3. ಅದೇ ಕಾಯ್ದೆಯಡಿ ಕೂಲಿ ತಡವಾದರೆ ಪರಿಹಾರ ದಿನಕ್ಕೆ ಶೇ. 0.05 ಎಂದಿತ್ತು. ಸಾವಿರ ರೂಪಾಯಿಗೆ ಐವತ್ತು ಪೈಸೆ. ಅಷ್ಟಕ್ಕೂ ಅರ್ಜಿ ಹಾಕಿ. ತಡವಾದದ್ದು ಯಾರಿಂದ ಎಂಬುದು ಆಗ ಕಾಗದದ ಮೇಲೆ ಬರುತ್ತದೆ.

4. 2023ರ ಜನವರಿ 1ರಿಂದ ಖಾತ್ರಿ ಕೆಲಸದ ಹಾಜರಿಗೆ ಮೊಬೈಲ್ ಆ್ಯಪಿನಲ್ಲಿ ದಿನಕ್ಕೆರಡು ಫೋಟೊ ಏರಿಸುವುದು ಕಡ್ಡಾಯವಾಯಿತು. ಸಿಗ್ನಲ್ ಸಿಗದ ಜಾಗದಲ್ಲಿ ಇಡೀ ದಿನ ಮಣ್ಣು ಹೊತ್ತವಳು ಗೈರುಹಾಜರಿ! ಇದನ್ನು ಒಪ್ಪಲಾಗದು. ಕೆಲಸದ ಮೇಲ್ವಿಚಾರಣೆ ನೋಡುವ ಕಾಯಕ ಬಂಧುವಿನ ಮೊಬೈಲನ್ನು ಮಾತ್ರ ನೆಚ್ಚದೆ, ಯಾರು ಬಂದರು, ಎಷ್ಟು ಅಗೆದರು ಎಂದು ನೋಟುಬುಕ್ಕಿನಲ್ಲಿ ಬರೆದು ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿ. ತಕರಾರು ಎದ್ದಾಗ ತೋರಿಸಲು ಅದೊಂದೇ ಇರುತ್ತದೆ.

5. ಸಭೆ ಕರೆಯುವಾಗ ನದಿಯ ಇಳಿತದ ಹೊತ್ತು ನೋಡಿ. ಇಳಿತಕ್ಕೆ ಬಳಚು (ಚಿಪ್ಪುಮೀನು) ಆರಿಸಲು ಹೋದವರು ಸಭೆಗೆ ಬರಲಾರರು.

6. ಜಿಲ್ಲೆಯ ಹಳೆಯ ಹೋರಾಟ ಓದಿಕೊಳ್ಳಿ. ಗೇಣಿದಾರರನ್ನು ಸಂಘಟಿಸಿದ್ದಕ್ಕೆ ರೈತ ನಾಯಕ ದಿನಕರ ದೇಸಾಯಿಯವರನ್ನು ಬ್ರಿಟಿಷ್ ಸರ್ಕಾರ 1940ರ ದಶಕದಲ್ಲಿ ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣೆಯಲ್ಲಿ ಗೇಣಿದಾರರು ಒಡೆತನ ಕೇಳುವ ಅರ್ಜಿ ನಮೂನೆ 7 ಕೊಟ್ಟು ಭೂಮಿ ಪಡೆದರು. ಅದೇ ಗದ್ದೆಯಲ್ಲಿ ದಿನಗೂಲಿಗೆ ನೆಟ್ಟಿ ಮಾಡಿದವರಿಗೆ ಆ ನಮೂನೆ ತುಂಬುವ ಹಕ್ಕಿರಲಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳೇ ಇವತ್ತು ನಮ್ಮ ಸಂಘದ ಸದಸ್ಯರು. ಭೂಮಿಯ ಬೇಡಿಕೆಯನ್ನು ಮನವಿಪತ್ರದ ಕೊನೆಯ ಸಾಲಿಗೆ ತಳ್ಳಬೇಡಿ.